ಖಾಲಿ ಕೋಟಿನ ಪರೀಕ್ಷೆ

ಕಳೆದ ಬೇಸಿಗೆಯಲ್ಲಿ ಪಾಂಡವಪುರದ ಕಡೆಯ ಹಳ್ಳಿಯಿಂದ ತಂದೆಯೊಬ್ಬರು ಏಳು ವರ್ಷದ ಮಗನನ್ನೂ ತಮ್ಮ ತಾಯಿಯನ್ನೂ ಕರೆದುಕೊಂಡು ಮೈಸೂರಿನ ನನ್ನ ಕೊಠಡಿಗೆ ಬಂದಿದ್ದರು. ಹುಡುಗನಿಗೆ ಆಟಿಸಂ, ಅಂದರೆ ಮಾತು, ಒಡನಾಟ, ಸಂವೇದನೆಗಳು ಬೇರೆ ಬಗೆಯಲ್ಲಿ ಬೆಳೆಯುವ ಸ್ಥಿತಿ. ತಂದೆ ಕೈಚೀಲದಿಂದ ಕಡುನೀಲಿ ಬಣ್ಣದ, ತೋಳಿಲ್ಲದ ಕೋಟೊಂದನ್ನು ತೆಗೆದು ಮೇಜಿನ ಮೇಲಿಟ್ಟಾಗ ಧಪ್ ಎಂದು ಸದ್ದಾಯಿತು. ಹುಡುಗ ಎರಡೂ ಕಿವಿ ಮುಚ್ಚಿಕೊಂಡ. ಕೋಟು ಆನ್‌ಲೈನಿನಲ್ಲಿ ತರಿಸಿದ್ದು. ಒಳಗೆ ಸಣ್ಣ ಸಣ್ಣ ಜೇಬುಗಳು, ಜೇಬಿನೊಳಗೆ ಉಕ್ಕಿನ ಮಣಿ ತುಂಬಿದ ಪುಟ್ಟ ಚೀಲಗಳು.

“ಇದನ್ನು ಹಾಕಿದರೆ ಮಗು ಒಂದು ಕಡೆ ಕುಳಿತುಕೊಳ್ಳುತ್ತದೆಯಂತೆ. ಹೌದೇ ಮೇಡಂ?”

ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ, ಮಾಡುವ ನನಗೆ ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಎದುರಾಗುತ್ತದೆ. ಉತ್ತರ ಹೇಳುವ ಮೊದಲು ತಕ್ಕಡಿ ಎಳೆದುಕೊಳ್ಳುವುದು ನನ್ನ ರೂಢಿ. ಹುಡುಗನ ತೂಕ 19 ಕೆ.ಜಿ., ಕೋಟಿನದು 1 ಕೆ.ಜಿ. 950 ಗ್ರಾಂ. ಇಂಥ ಕೋಟಿನ ಭಾರ ಮಗುವಿನ ತೂಕದ ನೂರಕ್ಕೆ ಐದರಷ್ಟಿರಲಿ, ಹತ್ತನ್ನಂತೂ ದಾಟದಿರಲಿ ಎಂಬುದು ನಮ್ಮ ವೃತ್ತಿಯವರು ಇಟ್ಟುಕೊಂಡಿರುವ ಲೆಕ್ಕ. ಈ ಕೋಟು ಹತ್ತನ್ನು ದಾಟಿತ್ತು. ಅರ್ಧದಷ್ಟು ಚೀಲಗಳನ್ನು ಅಲ್ಲೇ ಹೊರಗೆ ತೆಗೆದಿಟ್ಟೆವು.

ಭಾರ ಹೊರಿಸಿದರೆ ಮಗು ಶಾಂತವಾಗುತ್ತದೆ ಎಂಬ ನಂಬಿಕೆಗೆ ಒಂದು ಹಿನ್ನೆಲೆಯಿದೆ. ಕಣ್ಣು ಮುಚ್ಚಿಕೊಂಡು ಉಂಡರೂ ಮುದ್ದೆಯ ತುತ್ತು ಮೂಗಿಗೆ ಹೋಗದೆ ಬಾಯಿಗೇ ಹೋಗುತ್ತದಲ್ಲ, ಅದು ನಮ್ಮ ಸ್ನಾಯು ಮತ್ತು ಕೀಲುಗಳು ಕೈ ಎಲ್ಲಿದೆ, ಬಾಯಿ ಎಲ್ಲಿದೆ ಎಂದು ಮಿದುಳಿಗೆ ಸದಾ ಸುದ್ದಿ ಮುಟ್ಟಿಸುತ್ತಿರುವುದರಿಂದ. ಆಟಿಸಂ ಇರುವ ಕೆಲವು ಮಕ್ಕಳಿಗೆ ಈ ಸುದ್ದಿ ಕ್ಷೀಣವಾಗಿ ತಲುಪುತ್ತದೆ. ಅಂಗಿಯ ಕಾಲರಿನ ಚೀಟಿ, ಕುಕ್ಕರಿನ ಸೀಟಿ, ಟ್ಯೂಬ್‌ಲೈಟಿನ ಮಿಣುಕು ಮಾತ್ರ ಹತ್ತುಪಟ್ಟಾಗಿ ಬಂದು ಅಪ್ಪಳಿಸುತ್ತವೆ. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ ಈ ಸಂವೇದನೆಗಳ ಹೊಂದಾಣಿಕೆಯ ಬಗ್ಗೆ 1972ರಲ್ಲಿ ಪುಸ್ತಕವನ್ನೇ ಬರೆದರು. ಆದರೂ ಸಂವೇದನೆಯ ಈ ಏರುಪೇರು ಆಟಿಸಂನ ಅಧಿಕೃತ ಲಕ್ಷಣಗಳ ಪಟ್ಟಿಗೆ, ಅಂದರೆ ಅಮೆರಿಕದ ಮನೋವೈದ್ಯರ ಕೈಪಿಡಿಗೆ, ಸೇರಿದ್ದು 2013ರಲ್ಲಿ. ಮನೆಯ ಹೆಂಗಸರು ಇದನ್ನು ಅದಕ್ಕೂ ಮೊದಲೇ ಬಲ್ಲವರಾಗಿದ್ದರು ಎಂಬುದು ಬೇರೆ ಮಾತು.

ಟೆಂಪಲ್ ಗ್ರ್ಯಾಂಡಿನ್ ಅವರ ಕಥೆಯನ್ನು ನಾನು ಮಂಡ್ಯದ ಕಡೆಯ ಪೋಷಕರಿಗೆ ತಪ್ಪದೆ ಹೇಳುತ್ತೇನೆ. ಸ್ವತಃ ಆಟಿಸಂ ಇರುವ ಆಕೆ ಹದಿಹರೆಯದಲ್ಲಿ ಅರಿಜೋನಾದಲ್ಲಿದ್ದ ಬಂಧುವೊಬ್ಬರ ದನದ ಫಾರಂಗೆ ಹೋಗಿದ್ದರು. ಲಸಿಕೆ ಹಾಕಲು ದನಗಳನ್ನು ಎರಡು ಹಲಗೆಗಳ ನಡುವೆ ಅಮುಕಿ ಹಿಡಿದಾಗ ಕೆಲವು ದನಗಳು ಸುಮ್ಮನಾಗುವುದನ್ನು ಕಂಡರು. ಆಮೇಲೆ ತನಗಾಗಿಯೇ ಅಂಥದೊಂದು ಅಪ್ಪುಗೆಯ ಯಂತ್ರವನ್ನು ಮಾಡಿಕೊಂಡರು. ನಮ್ಮಲ್ಲಿ ಲಾಳ ಹೊಡೆಯಲು ಎತ್ತನ್ನು ಕೆಡವಿ ಹಗ್ಗ ಬಿಗಿಯುವುದನ್ನು ನೋಡಿದವರು ಅದನ್ನೇ ಕಲ್ಪಿಸಿಕೊಂಡು ಮುಖ ಕಿವುಚುತ್ತಾರೆ. ವ್ಯತ್ಯಾಸವಿದೆ. ಆ ಯಂತ್ರ ಎಷ್ಟು ಅಮುಕಬೇಕು, ಯಾವಾಗ ಬಿಡಬೇಕು ಎಂಬುದರ ಹಿಡಿ ಗ್ರ್ಯಾಂಡಿನ್ ಅವರ ಕೈಯಲ್ಲೇ ಇತ್ತು.

ಕೋಟನ್ನು ಮಾರುವವರು ಈ ಹಿಡಿಯ ವಿಷಯವನ್ನು ಹೇಳುವುದಿಲ್ಲ. ಹೀಗಾಗಿ ಅದು ಕಟ್ಟಿಹಾಕುವ ಸಾಧನವಾಗಲು ಹೆಚ್ಚು ದಿನ ಬೇಕಾಗುವುದಿಲ್ಲ. ಮೈಸೂರಿನ ಒಂದು ಶಾಲೆಯಲ್ಲಿ ನಾನೇ ಕಂಡಿದ್ದೇನೆ. ಹುಡುಗ ಬೆಂಚಿನಿಂದ ಎದ್ದಾಗಲೆಲ್ಲ ಶಿಕ್ಷಕಿ ಕೋಟು ತೊಡಿಸುತ್ತಿದ್ದರು. ತೆಗೆಯುತ್ತಿದ್ದುದು ಸಂಜೆಯ ಗಂಟೆ ಹೊಡೆದ ಮೇಲೆ. ಗುಂಡಿಗಳು ಬೆನ್ನಿನ ಕಡೆಗಿದ್ದವು, ಮಗು ತಾನಾಗಿ ಬಿಚ್ಚಲಾರದಂತೆ. ಆಕೆ ಕೆಟ್ಟವರಲ್ಲ, ನಲವತ್ತು ಮಕ್ಕಳ ತರಗತಿಯಲ್ಲಿ ಯಾರೋ ಕೊಟ್ಟ ಉಪಾಯವನ್ನು ಬಳಸುತ್ತಿದ್ದರು, ಅಷ್ಟೆ. ನಮ್ಮ ರಾಜ್ಯ ಸರ್ಕಾರ 2019ರಲ್ಲಿ ಒಂದು, ಎರಡನೆಯ ತರಗತಿಯ ಮಕ್ಕಳ ಪಾಟಿಚೀಲ 2 ಕೆ.ಜಿ. ಮೀರಬಾರದೆಂದು ಆದೇಶ ಹೊರಡಿಸಿತು. ಆ ಚೀಲವನ್ನಾದರೂ ಮಗು ತರಗತಿಯೊಳಗೆ ಬಂದೊಡನೆ ಕೆಳಗಿಡುತ್ತದೆ.

ಪಾಂಡವಪುರದ ಹುಡುಗನಿಗೆ ಬರೋಣ. ನಾನು ತಂದೆಯನ್ನು ಪ್ರಶ್ನಿಸುತ್ತಿದ್ದರೆ ಉತ್ತರ ಕೊಡುತ್ತಿದ್ದವರು ಅಜ್ಜಿ. “ಅವನು ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹೋಗಿ ಕೂರುತ್ತಾನಮ್ಮ. ಹಾಸಿಗೆ ಮಡಿಸಿಟ್ಟರೆ ಅದರ ಅಡಿಗೆ ನುಗ್ಗುತ್ತಾನೆ. ನಾನು ಎಣ್ಣೆ ಹಚ್ಚಿ ಭುಜ ನೀವಿದರೆ ಕಣ್ಣು ಮುಚ್ಚಿಕೊಂಡು ಬಿಡುತ್ತಾನೆ.” ಒತ್ತಡವನ್ನು ತಾನೇ ಹುಡುಕಿಕೊಂಡು ಹೋಗುವ ಮಗು ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ವರದಿ ಬೇಕಿರಲಿಲ್ಲ. ಹಾಗಾಗಿ ಕೋಟನ್ನು ಪ್ರಯತ್ನಿಸಿ ನೋಡಬಹುದು ಎಂದೆ. ಮುಟ್ಟಿದರೇ ಕಿರಿಚುವ ಮಗುವಾಗಿದ್ದರೆ ಎನ್ನುತ್ತಿರಲಿಲ್ಲ.

ಆದರೆ ನೋಡುವುದು ಹೇಗೆ? ಕೋಟು ಹಾಕಿದ ದಿನ ಮಗು ಚೆನ್ನಾಗಿತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಸಾವಿರ ರೂಪಾಯಿ ಕೊಟ್ಟು ತಂದವರಿಗೆ ಅದು ಚೆನ್ನಾಗಿಯೇ ಕಾಣಬೇಕಲ್ಲ. ತಂದೆಯ ಕೈಗೆ ಒಂದು ನೋಟುಪುಸ್ತಕ ಕೊಟ್ಟೆ. ರಾತ್ರಿಯ ಊಟದ ಮೊದಲ ಹದಿನೈದು ನಿಮಿಷದಲ್ಲಿ ಹುಡುಗ ಎಷ್ಟು ಸಲ ತಟ್ಟೆ ಬಿಟ್ಟು ಏಳುತ್ತಾನೆ ಎಂದು ಗೆರೆ ಹಾಕುವುದು ಅವರ ಕೆಲಸ. ಮೊದಲ ವಾರ ಕೋಟಿಲ್ಲ. ಆಮೇಲಿನ ಎರಡು ವಾರ ದಿನವೂ ಕೋಟು, ಆದರೆ ಕೆಲವು ದಿನ ಒಳಗೆ ಮಣಿಚೀಲ, ಕೆಲವು ದಿನ ಅದೇ ಜೇಬಿನಲ್ಲಿ ಉಬ್ಬು ಕಾಣುವಷ್ಟು ಹತ್ತಿ. ಯಾವ ದಿನ ಯಾವುದು ಎಂಬುದು ಅಜ್ಜಿಗೆ ಮಾತ್ರ ಗೊತ್ತಿರಬೇಕು. ಕೋಟು ತೊಡಿಸುವವರೂ ಅವರೇ, ಬಿಚ್ಚುವವರೂ ಅವರೇ. ಈ ಕೆಲಸ ಅವರಿಗೆ ಬಹಳ ಹಿಡಿಸಿತು. ಹುಡುಗನ ತಂದೆ ಎಷ್ಟು ಕೇಳಿದರೂ ಗುಟ್ಟು ಬಿಡಲಿಲ್ಲವಂತೆ.

ಮೂರು ವಾರ ಕಳೆದು ಬಂದಾಗ ಗೆರೆಗಳನ್ನು ಎಣಿಸಿದೆವು. ಕೋಟಿಲ್ಲದ ವಾರಕ್ಕಿಂತ ಕೋಟಿನ ವಾರಗಳಲ್ಲಿ ಹುಡುಗ ಏಳುವುದು ಸ್ವಲ್ಪ ಕಡಿಮೆಯಾಗಿತ್ತು. ತಂದೆಯ ಮುಖ ಅರಳಿತು. ಅಜ್ಜಿ ಸೀರೆಯ ಸೆರಗಿನ ಗಂಟಿನಿಂದ ಚೀಟಿ ತೆಗೆದರು. ಮಣಿಯ ದಿನಕ್ಕೂ ಹತ್ತಿಯ ದಿನಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಹಾಗಾದರೆ ಕಡಿಮೆಯಾದದ್ದು ಏಕೆ? ಕೆದಕಿ ಕೇಳಿದಾಗ ತಿಳಿಯಿತು. ಕೋಟು ತೊಡಿಸಲು ಅಜ್ಜಿ ಪಕ್ಕದಲ್ಲಿ ಕೂರುತ್ತಿದ್ದರು. ಎಣಿಸಲು ಅಡ್ಡಿಯಾಗುತ್ತದೆಂದು ತಂದೆ ಎರಡನೆಯ ವಾರದಿಂದ ಟಿ.ವಿ. ಆರಿಸತೊಡಗಿದ್ದರು. ಆ ಮನೆಯಲ್ಲಿ ಊಟದ ಹೊತ್ತಿಗೆ ಟಿ.ವಿ. ಆರಿದ್ದು ಅದೇ ಮೊದಲಂತೆ.

ಇದು ಈ ಒಂದು ಮನೆಯ ಕಥೆಯಲ್ಲ. ಇಂಥ ಕೋಟುಗಳ ಮೇಲೆ ನಡೆದಿರುವ ಅಧ್ಯಯನಗಳು ಬಹುಪಾಲು ನಾಲ್ಕೈದು ಮಕ್ಕಳ ಸಣ್ಣ ಅಧ್ಯಯನಗಳು. ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರಿಗೆ ಗಮನ ಹೆಚ್ಚುತ್ತದೆ, ಚಡಪಡಿಕೆ ತಗ್ಗುತ್ತದೆ ಎನ್ನಲು ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಭಾರದ ಹೊದಿಕೆಯದೂ ಹೆಚ್ಚುಕಡಿಮೆ ಇದೇ ಪಾಡು. ಬ್ರಿಟನ್ನಿನಲ್ಲಿ ಆಟಿಸಂ ಇರುವ 67 ಮಕ್ಕಳ ನಿದ್ದೆಯನ್ನು ಅಳೆದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರದ ಹೊದಿಕೆಯಿಂದ ನಿದ್ದೆ ಹೆಚ್ಚಲಿಲ್ಲ. ಆದರೆ ಮಕ್ಕಳಿಗೂ ಹೆತ್ತವರಿಗೂ ಸಾದಾ ಹೊದಿಕೆಗಿಂತ ಅದೇ ಇಷ್ಟವಾಯಿತು. ಈ ಇಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನಲ್ಲಿಗೆ ಬರುವ ಹನ್ನೊಂದು ವರ್ಷದ ಹುಡುಗಿಯೊಬ್ಬಳಿಗೆ ಮಾತಿಲ್ಲ, ಚಿತ್ರದ ಕಾರ್ಡು ತೋರಿಸಿ ಬೇಕಾದ್ದನ್ನು ಕೇಳುತ್ತಾಳೆ. ತಲೆ ಬಾಚಲು ಅಮ್ಮ ಬಾಚಣಿಗೆ ಕೈಗೆತ್ತಿಕೊಂಡರೆ ಅವಳು ಕೋಟಿನ ಚಿತ್ರ ತೋರಿಸುತ್ತಾಳೆ. ಹತ್ತು ನಿಮಿಷ ಹಾಕಿಕೊಳ್ಳುತ್ತಾಳೆ, ಜಡೆ ಮುಗಿದೊಡನೆ ತಾನೇ ಬಿಚ್ಚಿ ಎಸೆಯುತ್ತಾಳೆ. ಅವಳ ಮೇಲೆ ಹತ್ತಿಯ ಪರೀಕ್ಷೆ ಮಾಡುವ ಮನಸ್ಸು ನನಗೆ ಬಂದಿಲ್ಲ.

ಅಪಾಯದ ವಿಷಯದಲ್ಲಿ ಮಾತ್ರ ನಾನು ಬಿಗಿ. ಮಲಗುವಾಗ ಕೋಟು ಬೇಡ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಾಲೆಯೊಂದರಲ್ಲಿ 2008ರಲ್ಲಿ ಭಾರದ ಹೊದಿಕೆಯಲ್ಲಿ ಸುತ್ತಿದ್ದ ಒಂಬತ್ತು ವರ್ಷದ ಆಟಿಸಂ ಇದ್ದ ಬಾಲಕ ಉಸಿರುಗಟ್ಟಿ ತೀರಿಕೊಂಡ. ಹಸುಗೂಸುಗಳಿಗಂತೂ ಭಾರದ ಯಾವ ಬಟ್ಟೆಯೂ ಸಲ್ಲದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಹೇಳಿದೆ. ಮೂರ್ಛೆರೋಗ, ಉಬ್ಬಸ, ಹೃದಯದ ತೊಂದರೆ, ಬೆನ್ನುಮೂಳೆಯ ಬಾಗು, ಸಡಿಲ ಸ್ನಾಯುಗಳಿರುವ ಮಕ್ಕಳಿಗೆ ವೈದ್ಯರನ್ನು ಕೇಳದೆ ತೊಡಿಸಬಾರದು. ಓಡಾಟದ ಆಟದಲ್ಲಿ, ಜಾರುಬಂಡೆಯ ಮೇಲೆ, ನಾಲೆಯ ಹತ್ತಿರ ಬೇಡ. ಹಾಕಿದರೂ ಹದಿನೈದು ಇಪ್ಪತ್ತು ನಿಮಿಷ, ದೊಡ್ಡವರ ಕಣ್ಣೆದುರಿಗೆ. ಹೆಚ್ಚು ಹೊತ್ತಾದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ನಾವು ಕೈಗಡಿಯಾರವನ್ನು ಮರೆಯುವ ಹಾಗೆ. ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ನೈಲಾನ್ ಕೋಟು ತೊಡಿಸಿ ‘ಬೆವರುತ್ತಾನೆ, ಹಟ ಮಾಡುತ್ತಾನೆ’ ಎಂದರೆ ತಪ್ಪು ಮಗುವಿನದಲ್ಲ.

ಹುಡುಗನ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೇನು ಮಾಡಲಿ ಎಂದು ಕೇಳಿದರು. ಮನೆಯಲ್ಲಿ ನೀರು ಎಲ್ಲಿಂದ ತರುತ್ತೀರಿ ಎಂದೆ. ಅಂಗಳದ ನಲ್ಲಿಯಿಂದ. ಊಟಕ್ಕೆ ಮೊದಲು ಹಿತ್ತಲಿನ ಗಿಡಗಳಿಗೆ ಸಣ್ಣ ಬಕೆಟ್ಟಿನಲ್ಲಿ ನಾಲ್ಕು ಸಲ ನೀರು ಹೊರುವುದು ಹುಡುಗನ ಪಾಲಿಗೆ ಬಂತು. ಅಜ್ಜಿಯ ಜೊತೆ ಚಪಾತಿ ಹಿಟ್ಟು ನಾದುವುದು. ಕಬ್ಬಿನ ಕಾಲದಲ್ಲಿ ಗಣ್ಣು ತೆಗೆದ ತುಂಡುಗಳನ್ನು ಜಗಿಯಲು ಕೊಡುವುದು. ದವಡೆಗೆ ಸಿಗುವ ಒತ್ತಡವೂ ಒತ್ತಡವೇ, ಮತ್ತು ಅಂಗಿಯ ಕಾಲರನ್ನು ಕಚ್ಚಿ ಹರಿಯುವುದಕ್ಕಿಂತ ಕಬ್ಬು ಮೇಲು. ಬೀರುವಿನ ಸಂದಿಯಿಂದ ಅವನನ್ನು ಎಳೆಯಬೇಡಿ, ಅಲ್ಲಿ ಒಂದು ದಿಂಬು ಹಾಕಿ ಎಂದೆ. ಇವೂ ಪವಾಡ ಮಾಡುವುದಿಲ್ಲ. ನೋಟುಪುಸ್ತಕ ಮುಂದುವರಿಯಲಿ ಎಂದೂ ಹೇಳಿದೆ.

ದಸರೆಗೆ ಮುಂಚೆ ಬಂದಾಗ ಕೋಟು ಏನಾಯಿತೆಂದು ವಿಚಾರಿಸಿದೆ. ಬಟ್ಟೆ ಮೊಳೆಗೆ ನೇತುಬಿದ್ದಿದೆಯಂತೆ. ಮಣಿಚೀಲಗಳನ್ನು ಅಜ್ಜಿ ಎರಡು ಹಳೆಯ ಕಾಲುಚೀಲಗಳಿಗೆ ತುಂಬಿ ಬಾಯಿ ಹೊಲಿದಿದ್ದಾರೆ. ಗಾಳಿಗೆ ಹಿತ್ತಲ ಬಾಗಿಲು ಧಡಾರೆಂದು ಹೊಡೆದುಕೊಂಡಾಗಲೆಲ್ಲ ಹುಡುಗ ಕಿವಿ ಮುಚ್ಚಿಕೊಂಡು ತಟ್ಟೆ ಬಿಟ್ಟು ಓಡುತ್ತಿದ್ದನಂತೆ. ಈಗ ಬಾಗಿಲಿಗೆ ಒಳಗಡೆ ಒಂದು, ಹೊರಗಡೆ ಒಂದು ಇಟ್ಟಿದ್ದಾರೆ.