ಬಾವುಟ ಮತ್ತು ಮತಪೆಟ್ಟಿಗೆ: ಆಳುವ ಪಕ್ಷಗಳು ರಾಷ್ಟ್ರೀಯತೆಯನ್ನು ಬಳಸುವ ಬಗೆ

ಮದ್ದೂರಿನ ಪಕ್ಕದ ಶಿವಪುರದಿಂದ ಶುರು ಮಾಡೋಣ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ಅಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಸಂಸ್ಥಾನದ ಸರ್ಕಾರ ಅದನ್ನು ನಿಷೇಧಿಸಿತ್ತು. ಮುಂದಾಳು ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿತು. ಅಂದು ಬಾವುಟ ಹಿಡಿದವರು ಸರ್ಕಾರದ ವಿರೋಧಿಗಳು. ಸ್ವಾತಂತ್ರ್ಯ ಬಂದ ಮೇಲೆ ಅದೇ ಬಾವುಟ ಆಳುವವರ ಕೈಗೆ ಬಂತು. ನಮ್ಮ ಪಾಠ ಇಲ್ಲಿಂದ ಮುಂದಿನದು.

ಆಳುವ ಪಕ್ಷ ಮೊದಲು ಮಾಡುವ ಕೆಲಸ, ದೇಶ, ಸರ್ಕಾರ, ನಾಯಕ ಎಲ್ಲವೂ ಒಂದೇ ಅನ್ನಿಸುವಂತೆ ಮಾಡುವುದು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ದೇವಕಾಂತ ಬರೂವಾ ಇಂದಿರಾ ಎಂದರೆ ಇಂಡಿಯಾ ಎಂದದ್ದು ನೆನಪಿದೆ ಅಲ್ವಾ? ಹೀಗಾದ ಮೇಲೆ ಅಕ್ಕಿ ಬೆಲೆ ಯಾಕೆ ಏರಿತು ಅಂತ ಕೇಳಿದವನೂ ದೇಶದ್ರೋಹಿ!

ಇನ್ನೊಂದು ದಾರಿ ಗಡಿಯಾಚೆಯ ಬಿಕ್ಕಟ್ಟು. 1970ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಜಾನ್ ಮುಲ್ಲರ್ ಅಲ್ಲಿನ ಅಧ್ಯಕ್ಷರ ಜನಪ್ರಿಯತೆ ಇಂಥ ಹೊತ್ತಿನಲ್ಲಿ ಥಟ್ಟನೆ ಏರುವುದನ್ನು ತೋರಿಸಿದರು. ಇದಕ್ಕೆ ಜನರ ಭಾವನೆ ಒಂದೇ ಕಾರಣವಲ್ಲ. ಯುದ್ಧದ ಹೊತ್ತಿನಲ್ಲಿ ವಿರೋಧ ಪಕ್ಷದವರೂ ಸುಮ್ಮನಾಗುತ್ತಾರೆ. ಪತ್ರಿಕೆಗಳಲ್ಲಿ ಸರ್ಕಾರದ ಮಾತೇ ಜಾಸ್ತಿ ಬರುತ್ತದೆ. ಆದರೆ ಏರಿದ ಬೆಂಬಲ ಹಾಗೇ ನಿಲ್ಲುವುದಿಲ್ಲ. 1971ರ ಡಿಸೆಂಬರ್‌ನಲ್ಲಿ ಬಾಂಗ್ಲಾ ಯುದ್ಧ ಗೆದ್ದರು. 1972ರ ಚುನಾವಣೆಯಲ್ಲಿ ಮೈಸೂರು ರಾಜ್ಯದ 216 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 165 ಬಂತು, ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿಯಾದರು. (ಯುದ್ಧ ಒಂದೇ ಕಾರಣ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ. ಬಡತನ ತೊಲಗಿಸಿ ಎನ್ನುವ ಗರೀಬಿ ಹಟಾವೋ ಘೋಷಣೆ ಇತ್ತು, ಹಿಂದುಳಿದ ವರ್ಗಗಳ ಬೆಂಬಲವೂ ಇತ್ತು.) 1974ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಸ್ಫೋಟವಾದಾಗ ರೈಲ್ವೆ ಮುಷ್ಕರ ನಡೆಯುತ್ತಿತ್ತು. ಹೆಮ್ಮೆಪಟ್ಟವರಿಗೂ ಬೆಲೆ ಏರಿಕೆಯ ಬಿಸಿ ತಪ್ಪಲಿಲ್ಲ. ಮರುವರ್ಷ ತುರ್ತು ಪರಿಸ್ಥಿತಿಯೇ ಬಂತು.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ 1999. ಕಾರ್ಗಿಲ್ ಗೆಲುವಿನ ಬೆನ್ನಲ್ಲೇ ಲೋಕಸಭಾ ಚುನಾವಣೆ ನಡೆಯಿತು. ವಾಜಪೇಯಿ ಮತ್ತೆ ಪ್ರಧಾನಿಯಾದರು. ಆದರೂ ಬಿಜೆಪಿಗೆ ಬಂದದ್ದು 182 ಸ್ಥಾನ, ಹಿಂದಿನ ವರ್ಷದಷ್ಟೇ. ನಮ್ಮ ಕರ್ನಾಟಕದಲ್ಲಂತೂ ಗಾಳಿ ಪೂರ್ತಿ ಉಲ್ಟಾ ಬೀಸಿತು. ವಿಧಾನಸಭೆಗೂ ಜೊತೆಗೇ ಮತದಾನವಾಗಿ, 224ರಲ್ಲಿ 132 ಗೆದ್ದ ಕಾಂಗ್ರೆಸ್ಸಿನಿಂದ ಮದ್ದೂರಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಯಾಕೆ ಹೀಗೆ? ಜನತಾದಳ ಒಡೆದಿತ್ತು. ಜೆ.ಎಚ್. ಪಟೇಲರ ಸರ್ಕಾರದ ಮೇಲೆ ಜನ ಬೇಸತ್ತಿದ್ದರು. ಅದೇ ಪಟೇಲರ ಬಣದ ಜೊತೆ ಬಿಜೆಪಿ ಕೈಜೋಡಿಸಿತು. ಕಾರ್ಗಿಲ್ ಹೆಸರು ಹೇಳಿ ಈ ಬೇಸರವನ್ನು ಮುಚ್ಚಲು ಆಗಲಿಲ್ಲ.

2019ರ ಬಗ್ಗೆ ಬರೆಯುವಾಗ ಸ್ವಲ್ಪ ಹುಷಾರು. ಪುಲ್ವಾಮಾದಲ್ಲಿ ಹುತಾತ್ಮರಾದ 40 ಜನರಲ್ಲಿ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧರೂ ಒಬ್ಬರು. ಜಿಲ್ಲೆಯ ದುಃಖ ನಿಜವಾದದ್ದು. ಜನ ಮರುಳಾದರು ಅಂತ ಸುಮ್ನೆ ಬರೆದುಬಿಡಬೇಡಿ. ಬಾಲಾಕೋಟ್ ದಾಳಿಯ ನಂತರ ಬಿಜೆಪಿ ರಾಜ್ಯದ 28ರಲ್ಲಿ 25 ಗೆದ್ದಿತು. ಮಂಡ್ಯದಲ್ಲಿ ಅದು ಅಭ್ಯರ್ಥಿಯನ್ನೇ ಹಾಕದೆ ಪಕ್ಷೇತರ ಸುಮಲತಾ ಅವರನ್ನು ಬೆಂಬಲಿಸಿತು, ಅವರು ಗೆದ್ದರು. ಅಲ್ಲಿ ಅಂಬರೀಶ್ ಮೇಲಿನ ಪ್ರೀತಿಯೂ ಇತ್ತು, ದೇವೇಗೌಡರ ಕುಟುಂಬದ ಮೇಲಿನ ಮುನಿಸೂ ಇತ್ತು. ಹಾಗಾಗಿ ಮಂಡ್ಯದ ಫಲಿತಾಂಶವನ್ನು ಬಾಲಾಕೋಟ್ ಲೆಕ್ಕಕ್ಕೆ ಸೇರಿಸಿದರೆ ಮೌಲ್ಯಮಾಪಕರು ಅಂಕ ಕತ್ತರಿಸಿದರೂ ಆಶ್ಚರ್ಯವಿಲ್ಲ.