ತೋಳಿನ ಕೊಳವೆ ಮತ್ತು ರಕ್ತದ ಹೆಪ್ಪು

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ. ಸಿಎಫ್‌ಟಿಆರ್ ಎಂಬ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ದೋಷದೊಂದಿಗೇ ಬಂದರೆ ಶ್ವಾಸಕೋಶದ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಅಲ್ಲಿ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾ ಬೇರೂರುತ್ತವೆ. ಸೋಂಕು ಜೋರಾಗಿ ಕೆರಳಿದಾಗ ಸಾಮಾನ್ಯವಾಗಿ 2 ವಾರ ಆಂಟಿಬಯೋಟಿಕ್ ನೇರ ರಕ್ತಕ್ಕೇ ಹೋಗಬೇಕು. ಕೈಗೆ ಚುಚ್ಚುವ ಡ್ರಿಪ್ ಸೂಜಿ ಅಷ್ಟು ದಿನ ತಾಳುವುದಿಲ್ಲ. ಅದಕ್ಕೇ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ತೂರಿಸುವ ಪಿಕ್ ಲೈನ್ ಎಂಬ ತೆಳು ಕೊಳವೆ, ಇಲ್ಲವೇ ಎದೆಯ ಚರ್ಮದಡಿ ಹುದುಗಿಸುವ, ಕೊಳವೆ ಜೋಡಿಸಿದ ಪುಟ್ಟ ಸಾಧನ ಪೋರ್ಟ್.

ಜೀವ ಉಳಿಸುವ ಈ ಕೊಳವೆಯ ಸುತ್ತಲೇ ರಕ್ತ ಹೆಪ್ಪುಗಟ್ಟಬಹುದು. 19ನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಖೋ ಹೆಸರಿನಲ್ಲಿ ಇಂದಿಗೂ ಮೂರು ಕಾರಣ ಹೇಳುತ್ತಾರೆ: ನಾಳದ ಒಳಗೋಡೆಗೆ ಪೆಟ್ಟು, ರಕ್ತದ ಓಟ ನಿಧಾನವಾಗುವುದು, ರಕ್ತವೇ ಹೆಪ್ಪಿನತ್ತ ವಾಲುವುದು. ಮೊದಲೆರಡನ್ನು ಕೊಳವೆ ತರುತ್ತದೆ, ಮೂರನೆಯದಕ್ಕೆ ಕಾಯಿಲೆಯೇ ಸಾಕು. ಸದಾ ಉರಿಯೂತವಿರುವ ದೇಹದಲ್ಲಿ ಹೆಪ್ಪಿನ ಎಳೆ ನೇಯುವ ಫೈಬ್ರಿನೊಜೆನ್ ಏರುತ್ತದೆ.

ವಿಟಮಿನ್ ಕೆ ಕಥೆ ಇನ್ನೂ ತೊಡಕಿನದು. ಈ ರೋಗಿಗಳಲ್ಲಿ ಹಲವರಿಗೆ ಮೇದೋಜೀರಕ ಗ್ರಂಥಿ ಕೆಲಸ ಮಾಡದೆ ಕೊಬ್ಬು ಜೀರ್ಣವಾಗದು, ಅದರ ಜೊತೆಗೆ ವಿಟಮಿನ್ ಕೆ ಕೂಡ ದೇಹ ಸೇರದೆ ಹೋಗುತ್ತದೆ. ಅದು ಕಡಿಮೆಯಾದರೆ ರಕ್ತಸ್ರಾವವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೆಪ್ಪುಗಟ್ಟುವುದಕ್ಕೆ ಕಡಿವಾಣ ಹಾಕುವ ಪ್ರೋಟೀನ್ ಸಿ ಮತ್ತು ಪ್ರೋಟೀನ್ ಎಸ್ ಸಿದ್ಧವಾಗಲೂ ಅದೇ ವಿಟಮಿನ್ ಬೇಕು. ಹಾಗಾಗಿ ಈ ರೋಗಿಗೆ ರಕ್ತಸ್ರಾವದ ಭಯವೂ ಹೆಪ್ಪಿನ ಭಯವೂ ಒಟ್ಟಿಗೇ ಇರಬಹುದು.

ನನ್ನ ಪ್ರಕಾರ ಲೈನ್ ಹಾಕುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಕೊಳವೆಯ ದಪ್ಪದ್ದು. ಅದನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ಕೊಳವೆಯ ದಪ್ಪ ನಾಳದ ಅಗಲದ ಶೇ. 45 ಮೀರಬಾರದೆಂಬುದು ಸಾಮಾನ್ಯ ಸಲಹೆ. ನಾಳ 3 ಮಿಲಿಮೀಟರ್ ಇದ್ದರೆ 4 ಫ್ರೆಂಚ್ ಕೊಳವೆ ಆ ಮಿತಿಯೊಳಗೇ ಇರುತ್ತದೆ, 5 ಫ್ರೆಂಚ್ ಅರ್ಧಕ್ಕಿಂತ ಹೆಚ್ಚು ಅಗಲ ಕಬಳಿಸುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ನಾಳ ಅಳೆದು, ಒಳಗೆ ಒಂದೇ ದಾರಿಯಿರುವ ತೆಳು ಲೈನ್ ಸಾಕಾದರೆ ಅದನ್ನೇ ಹಾಕಬೇಕು. ಈ ನಾಳಗಳು ಇನ್ನೂ ಎಷ್ಟೋ ಬಾರಿ ಬೇಕಾಗುತ್ತವೆ.

ತೋಳು ಊದುವುದು, ನೋಯುವುದು, ಬಣ್ಣ ಬದಲಾಗುವುದು, ಭುಜ ಮತ್ತು ಎದೆಯ ಮೇಲೆ ರಕ್ತನಾಳಗಳು ಎದ್ದು ಕಾಣುವುದು ಹೆಪ್ಪಿನ ಸೂಚನೆ. ಮುಖ, ಕತ್ತು ಊದಿದರೆ ಕಾಯಬಾರದು. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋದರೆ ದಿಢೀರನೆ ಉಸಿರು ಕಟ್ಟುತ್ತದೆ, ಎದೆ ಚುಚ್ಚುತ್ತದೆ. ಮೊದಲೇ ಉಸಿರಾಟದ ತೊಂದರೆ ಇರುವವರಲ್ಲಿ ಇದನ್ನು ‘ಮತ್ತೆ ಸೋಂಕು’ ಎಂದುಕೊಳ್ಳುವ ಅಪಾಯ ದೊಡ್ಡದು.

ರಕ್ತದ ಓಟ ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ತೋಳಿನ ಹೆಪ್ಪು ಖಚಿತವಾದರೆ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ರಕ್ತ ತೆಳುಮಾಡುವ ಔಷಧ. ಲೈನ್ ಸರಿಯಾಗಿ ಕೆಲಸ ಮಾಡುತ್ತಿದ್ದು, ಇನ್ನೂ ಬೇಕಿದ್ದರೆ ಅದನ್ನು ತೆಗೆಯಲೇಬೇಕೆಂದಿಲ್ಲ. ಆದರೆ ಕೆಮ್ಮಿದಾಗ ಕಫದಲ್ಲಿ ರಕ್ತ ಬೀಳುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಔಷಧ ನಡೆಯುತ್ತಿರುವಾಗ ರಕ್ತ ಕಂಡರೆ, ಸ್ವಲ್ಪವೇ ಆದರೂ, ಅಂದೇ ವೈದ್ಯರಿಗೆ ತಿಳಿಸಬೇಕು. ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.