‘ಯಾಲ್’: ಅಮೆರಿಕದ ದಕ್ಷಿಣದವರ ‘ನೀವೆಲ್ಲ’

ಡಲ್ಲಾಸ್ ನಗರದ ಹೊರವಲಯದಲ್ಲಿರುವ ಮಗಳ ಮನೆಗೆ ಮೊದಲ ಸಲ ಹೋಗಿದ್ದಾಗ ಒಂದು ಬೆಳಿಗ್ಗೆ ಹತ್ತಿರದ ದಿನಸಿ ಅಂಗಡಿಯಲ್ಲಿ ಹಾಲು, ಮೊಸರು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದುಕೊಂಡು ಬಿಲ್ ಕೌಂಟರಿನ ಮುಂದೆ ನಿಂತಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ನಗುತ್ತ, ‘ಡಿಡ್ ಯಾಲ್ ಫಾಂಡ್ ಎವ್ರಿಥಿಂಗ್ ಓಕೆ?’ ಎಂದು ಕೇಳಿದರು. ‘ಫೈಂಡ್’ ಎಂಬುದು ಟೆಕ್ಸಸ್ಸಿನ ಉಚ್ಚಾರದಲ್ಲಿ ‘ಫಾಂಡ್’ ಆಗಿದೆಯೆಂದು ಊಹಿಸಿಕೊಂಡೆ. ಆದರೆ ‘ಯಾಲ್’ ಎಂದರೆ ‘ನೀವೆಲ್ಲ’ ಎಂದು ಕೇಳಿಬಲ್ಲ ನಾನು, ನನ್ನ ಹಿಂದೆ ಇನ್ನು ಯಾರಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮನೆಗೆ ಬಂದು ಹೇಳಿದಾಗ ಮಗಳು, ‘ಅದು ನಿನ್ನೊಬ್ಬಳಿಗೆ ಕೇಳಿದ್ದಲ್ಲಮ್ಮ, ಮನೆಯಲ್ಲಿರುವ ನಮ್ಮನ್ನೂ ಸೇರಿಸಿ ಕೇಳಿದ್ದು’ ಎಂದಳು. ಅಮೆರಿಕದ ಭಾಷಾವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯೊಂದು ಆ ಉತ್ತರದಲ್ಲಿ ಅಡಗಿತ್ತೆಂಬುದು ನನಗೆ ತಿಳಿದದ್ದು ಆಮೇಲೆ.

‘ಯಾಲ್’ ಎಂಬುದು ‘ಯೂ’ ಮತ್ತು ‘ಆಲ್’ ಎಂಬ ಎರಡು ಪದಗಳು ಕೂಡಿ, ಮೊದಲ ಪದದ ಸ್ವರ ಬಿದ್ದುಹೋಗಿ ಉಂಟಾದ ರೂಪ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಇದೊಂದು ಲೋಪಸಂಧಿ. ಬರೆಯುವಾಗ ವೈ ಅಕ್ಷರದ ಬೆನ್ನಿಗೇ ಲೋಪಚಿಹ್ನೆಯನ್ನು ಹಾಕಿ, ಆಮೇಲೆ ಎ ಮತ್ತು ಎರಡು ಎಲ್ ಬರೆಯಬೇಕು. ಬಿದ್ದುಹೋದದ್ದು ಓ ಮತ್ತು ಯು ಅಕ್ಷರಗಳಾದ್ದರಿಂದ ಚಿಹ್ನೆ ಇರಬೇಕಾದದ್ದು ಅವುಗಳ ಜಾಗದಲ್ಲಿ. ಆ ಚಿಹ್ನೆಯನ್ನು ಎ ಅಕ್ಷರದ ಆಚೆಗೆ ಹಾಕುವ ತಪ್ಪು ಅಮೆರಿಕನ್ನರ ಬರವಣಿಗೆಯಲ್ಲೂ ಧಾರಾಳವಾಗಿ ಕಾಣಸಿಗುತ್ತದೆ. ವರ್ಜೀನಿಯಾ, ಎರಡು ಕೆರೊಲೈನಾಗಳು, ಜಾರ್ಜಿಯಾ, ಟೆನೆಸಿ, ಅಲಬಾಮಾ, ಮಿಸಿಸಿಪ್ಪಿ, ಲೂಸಿಯಾನಾ, ಟೆಕ್ಸಸ್ ಹೀಗೆ ದಕ್ಷಿಣದ ರಾಜ್ಯಗಳುದ್ದಕ್ಕೂ ಇದು ಮನೆಮಾತಿನ ಪದ. ಮಕ್ಕಳು ಇದನ್ನು ಶಾಲೆಗೆ ಹೋಗುವ ಮೊದಲೇ ತಾಯಂದಿರಿಂದ ಕಲಿತಿರುತ್ತಾರೆ.

ಇಂಥ ಪದವೊಂದು ಏಕೆ ಬೇಕಾಯಿತು ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಇಂಗ್ಲಿಷರಿಗೆ ವಿವರಿಸುವುದಕ್ಕಿಂತ ಸುಲಭ, ಏಕೆಂದರೆ ನಮಗೆ ‘ನೀನು’ ಇದೆ, ‘ನೀವು’ ಇದೆ. ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಎರಡೂ ಇದ್ದವು. ಒಬ್ಬರಿಗೆ ‘ದೌ’, ಹಲವರಿಗೆ ‘ಯೀ’ ಮತ್ತು ‘ಯೂ’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯ ಭಾಷೆಯಾದ ಫ್ರೆಂಚಿನ ಪ್ರಭಾವದಿಂದ, ದೊಡ್ಡವರನ್ನು ಬಹುವಚನದಲ್ಲಿ ಮಾತನಾಡಿಸುವ ರೂಢಿ ಮುಂದಿನ ಶತಮಾನಗಳಲ್ಲಿ ಮೆಲ್ಲಗೆ ಬೇರೂರಿತು. ಹಾಗೆ ‘ಯೂ’ ಎಂಬುದು ನಮ್ಮ ‘ನೀವು’ವಿನಂತೆಯೇ ಹಲವರನ್ನೂ ಕರೆಯುವ, ಒಬ್ಬರನ್ನೇ ಗೌರವದಿಂದಲೂ ಕರೆಯುವ ಎರಡು ಕೆಲಸಗಳನ್ನು ಹೊತ್ತುಕೊಂಡಿತು. ‘ದೌ’ ಎಂಬುದು ಸಲಿಗೆಗೆ, ಪ್ರಾರ್ಥನೆಗೆ, ತಿರಸ್ಕಾರಕ್ಕೆ ಉಳಿಯಿತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಸರ್ಕಾರದ ಪರ ವಾದಿಸಿದ ಎಡ್ವರ್ಡ್ ಕೋಕ್ ತುಂಬಿದ ಸಭೆಯಲ್ಲಿ ಅವನನ್ನು ಬೇಕೆಂದೇ ‘ದೌ’ ಎಂದು ಕರೆದು, ಹಾಗೆ ಕರೆಯುತ್ತಿದ್ದೇನೆಂದು ಎತ್ತಿ ಹೇಳಿಯೂ ಹೇಳಿದ. ಏಕವಚನದಲ್ಲಿ ಬೈಸಿಕೊಳ್ಳುವುದೆಂದರೇನೆಂದು ಬಲ್ಲ ನಮಗೆ ಆ ಕ್ಷಣದ ಕಾವು ತಟ್ಟನೆ ತಿಳಿಯುತ್ತದೆ. ಅದೇ ಶತಮಾನದ ನಡುವಿನಲ್ಲಿ ಕ್ವೇಕರ್ ಪಂಥದವರು, ದೇವರ ಮುಂದೆ ಎಲ್ಲರೂ ಸಮಾನರೆಂಬ ನಂಬಿಕೆಯಿಂದ, ನ್ಯಾಯಾಧೀಶರನ್ನೂ ಒಡೆಯರನ್ನೂ ‘ದೌ’ ಎಂದೇ ಮಾತನಾಡಿಸಿ ಅಧಿಕಾರಸ್ಥರ ಕೋಪಕ್ಕೆ ಗುರಿಯಾದರು.

ಆದರೆ ಯಾರನ್ನು ಹೇಗೆ ಕರೆದರೆ ಯಾರಿಗೆ ನೋವಾದೀತೆಂಬ ಅಂಜಿಕೆಯಲ್ಲಿ ಎಲ್ಲರನ್ನೂ ‘ಯೂ’ ಎಂದೇ ಕರೆಯುವುದು ಕ್ಷೇಮವೆನಿಸಿ, ಹದಿನೆಂಟನೆಯ ಶತಮಾನದ ಹೊತ್ತಿಗೆ ಶಿಷ್ಟ ಇಂಗ್ಲಿಷಿನಿಂದ ‘ದೌ’ ಹೆಚ್ಚುಕಡಿಮೆ ಮಾಯವಾಯಿತು. ಇಂದಿಗೂ ಒಬ್ಬರಿಗೆ ಹೇಳುವಾಗಲೂ ‘ಯೂ ಆರ್’ ಎಂದು ಬಹುವಚನದ ಕ್ರಿಯಾಪದವೇ ಬರುವುದು ಆ ಹಳೆಯ ಗೌರವದ ಗುರುತು. ‘ನೀನು’ ಸತ್ತು ‘ನೀವು’ ಒಂದೇ ಉಳಿದ ಕನ್ನಡವನ್ನು ಕಲ್ಪಿಸಿಕೊಳ್ಳಿ. ಕೋಣೆಯಲ್ಲಿ ನಾಲ್ಕು ಜನ ಕುಳಿತಿರುವಾಗ ‘ನೀವು ಊಟಕ್ಕೆ ಬನ್ನಿ’ ಎಂದರೆ ಕರೆ ಒಬ್ಬರಿಗೋ ನಾಲ್ವರಿಗೋ? ಇಂಗ್ಲಿಷಿನ ಶಿಷ್ಟರೂಪ ಈ ತೊಡಕನ್ನು ಬಿಡಿಸದೆ ಹಾಗೆಯೇ ಬಿಟ್ಟಿತು. ಬಿಡಿಸಿದವರು ಹೊಲದಲ್ಲಿ, ಅಡುಗೆಮನೆಯಲ್ಲಿ, ಬಂದರುಕಟ್ಟೆಯಲ್ಲಿ ಮಾತನಾಡುವ ಜನ. ‘ಯಾಲ್’ ಎಂಬುದನ್ನು ಸೋಮಾರಿತನದ ಕುರುಹೆಂದು ಹಳಿಯುವವರು ಈ ಸಂಗತಿಯನ್ನು ಮರೆಯುತ್ತಾರೆಂಬುದು ನನ್ನ ದೂರು. ಅದು ಭಾಷೆ ಕಳೆದುಕೊಂಡಿದ್ದ ಒಂದು ಅಂಗವನ್ನು ಮತ್ತೆ ಬೆಳೆಸಿಕೊಂಡ ರೀತಿ.

ನಾವು ಕೂಡ ಇದನ್ನೇ ಮಾಡುತ್ತೇವೆ. ‘ನೀವು’ ಎಂಬುದು ಗೌರವಕ್ಕೂ ಸಲ್ಲುವುದರಿಂದ, ಹಲವರೆಂಬುದನ್ನು ಸ್ಪಷ್ಟಪಡಿಸಬೇಕಾದಾಗ ‘ನೀವೆಲ್ಲ’ ಎನ್ನುತ್ತೇವೆ. ಪದಕ್ಕೆ ಪದವಿಟ್ಟು ನೋಡಿದರೆ ‘ಯೂ ಆಲ್’ ಎಂಬುದೂ ಅದೇ. ವ್ಯತ್ಯಾಸವೆಂದರೆ, ನಮ್ಮ ‘ನೀವೆಲ್ಲ’ದಲ್ಲಿ ‘ಎಲ್ಲ’ ಎಂಬುದರ ಅರ್ಥ ಇನ್ನೂ ಜೀವಂತವಾಗಿದೆ; ‘ಯಾಲ್’ ಪದದಲ್ಲಿ ಅದು ಸವೆದು, ಪದವೇ ಒಂದು ಸರ್ವನಾಮವಾಗಿ ಗಟ್ಟಿಯಾಗಿದೆ. ಆದ್ದರಿಂದಲೇ ಒಬ್ಬರನ್ನೂ ಬಿಡದೆ ಎಲ್ಲರಿಗೂ ಹೇಳಬೇಕಾದಾಗ ದಕ್ಷಿಣದವರು ಅದಕ್ಕೆ ಮೊದಲು ಇನ್ನೊಂದು ‘ಆಲ್’ ಸೇರಿಸಿ ‘ಆಲ್ ಯಾಲ್’ ಎನ್ನುತ್ತಾರೆ. ಷಷ್ಠಿ ವಿಭಕ್ತಿಯಲ್ಲಿ ಅದು ‘ಯಾಲ್ಸ್’ ಆಗುತ್ತದೆ. ‘ಯೂ ಆಲ್ ವುಡ್ ಹ್ಯಾವ್’ ಎಂಬ ನಾಲ್ಕು ಪದಗಳು ಬಾಯಲ್ಲಿ ಕರಗಿ ‘ಯಾಲ್ಡವ್’ ಎಂಬ ಒಂದೇ ಪದವಾಗುವುದನ್ನೂ ಕೇಳಬಹುದು.

ಇನ್ನು ಆ ಹಳೆಯ ಚರ್ಚೆ: ‘ಯಾಲ್’ ಪದವನ್ನು ಒಬ್ಬರೇ ಇರುವಾಗ ಬಳಸಬಹುದೇ? ದಕ್ಷಿಣದವರಲ್ಲಿ ಬಹಳ ಮಂದಿ ಖಂಡಿತ ಇಲ್ಲವೆನ್ನುತ್ತಾರೆ. ಉತ್ತರದಿಂದ ಬಂದವರು ತಮ್ಮ ಕಿವಿಯಾರೆ ಕೇಳಿದ್ದೇವೆಂದು ವಾದಿಸುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲವೆಂದು ನನಗೆ ತೋರುತ್ತದೆ. ದಾರಿಯಲ್ಲಿ ಸಿಕ್ಕ ಒಬ್ಬರನ್ನು ನಾವು ‘ಎಲ್ಲರೂ ಹೇಗಿದ್ದೀರಿ?’ ಎಂದು ಕೇಳುತ್ತೇವೆ. ಎದುರಿಗಿರುವವರು ಒಬ್ಬರೇ, ಕೇಳಿದ್ದು ಅವರ ಮನೆಯವರನ್ನೆಲ್ಲ ಕುರಿತು. ಎದುರಿಗಿರುವ ವ್ಯಕ್ತಿಯ ಬೆನ್ನಿಗೆ ಕಾಣದೆ ನಿಂತಿರುವ ಕುಟುಂಬವನ್ನೋ ಅಂಗಡಿಯನ್ನೋ ಊರನ್ನೋ ಸೇರಿಸಿಕೊಂಡು ಮಾತನಾಡುವ ಈ ಬಳಕೆಯೇ ಹೊರಗಿನವರಿಗೆ ಏಕವಚನದಂತೆ ಕೇಳಿಸುತ್ತದೆ.

ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಉತ್ತರಭಾಗವಾದ ಅಲ್ಸ್ಟರಿನಿಂದ ವಲಸೆ ಬಂದ, ಸ್ಕಾಟ್ಲೆಂಡ್ ಮೂಲದ ಸ್ಕಾಟ್ಸ್ ಐರಿಷ್ ಜನರ ‘ಯೀ ಆ’ ಎಂಬ ರೂಪದಲ್ಲಿ ಇದರ ಬೇರಿದೆಯೆಂದು ಮೈಕೆಲ್ ಮಾಂಟ್ಗೊಮೆರಿ ಎಂಬ ಭಾಷಾವಿಜ್ಞಾನಿ ವಾದಿಸಿದ್ದಾರೆ. ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರ ಮಾತಿನ ಪಾಲು ಇದರಲ್ಲಿ ದೊಡ್ಡದೆಂದು ಇತರರು ಹೇಳುತ್ತಾರೆ. ಪದವನ್ನು ದೇಶದ ಉದ್ದಗಲಕ್ಕೆ ಒಯ್ದವರು ಯಾರೆಂಬುದರಲ್ಲಿ ಮಾತ್ರ ಅನುಮಾನ ಕಡಿಮೆ. 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಅಮೆರಿಕನ್ನರು ದಕ್ಷಿಣದ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು, ಕೆಲಸವನ್ನರಸಿ ಶಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್, ಲಾಸ್ ಏಂಜಲೀಸ್ ಮುಂತಾದ ನಗರಗಳಿಗೆ ವಲಸೆ ಹೋದರು. ಗಂಟುಮೂಟೆಯ ಜೊತೆ ಅವರ ಮಾತೂ ಹೋಯಿತು. ಆ ನಗರಗಳ ಕಪ್ಪು ಬಡಾವಣೆಗಳಲ್ಲಿ ‘ಯಾಲ್’ ಇಂದಿಗೂ ಸಹಜ ಮಾತು.

ಕೊರತೆ ಒಂದೇ ಆದರೂ ಉಳಿದ ಪ್ರದೇಶಗಳು ಅದನ್ನು ತುಂಬಿಕೊಂಡ ಬಗೆ ಬೇರೆ. ಪಿಟ್ಸ್‌ಬರ್ಗಿನ ಸುತ್ತಮುತ್ತ ‘ಯೂ ಒನ್ಸ್’ ಎಂಬುದು ಸವೆದು ‘ಯಿನ್ಸ್’ ಆಗಿದೆ. ಆ ಊರಿನವರಿಗೆ ‘ಯಿನ್ಸರ್’ ಎಂಬ ಹೆಸರೇ ಬಿದ್ದಿದೆ. ಐರಿಷರು ಹೆಚ್ಚಾಗಿ ನೆಲೆಸಿದ ನ್ಯೂಯಾರ್ಕ್, ಫಿಲಡೆಲ್ಫಿಯಾ ಕಡೆ ‘ಯೂಸ್’ ಎಂಬ ರೂಪ ಕೇಳಿಬರುತ್ತದೆ. ಉತ್ತರದಲ್ಲೂ ಪಶ್ಚಿಮದಲ್ಲೂ ಎಲ್ಲೆಡೆ ಹಬ್ಬಿರುವುದು ‘ಯೂ ಗೈಸ್’. ಇದರೊಳಗಿನ ‘ಗೈ’ 1605ರಲ್ಲಿ ಲಂಡನ್ನಿನ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಲು ಹೊರಟು ಸಿಕ್ಕಿಬಿದ್ದ ಗೈ ಫಾಕ್ಸ್ ಎಂಬವನ ಹೆಸರು. ಪ್ರತಿವರ್ಷ ಸುಡುವ ಅವನ ಪ್ರತಿಕೃತಿಗೆ ‘ಗೈ’ ಎಂಬ ಹೆಸರಾಯಿತು, ಆಮೇಲೆ ವಿಕಾರವಾಗಿ ಉಡುಪು ತೊಟ್ಟವನಿಗೆ, ಕೊನೆಗೆ ಅಮೆರಿಕದಲ್ಲಿ ಯಾವುದೇ ಗಂಡಸಿಗೆ. ಹೆಂಗಸರೂ ಇರುವ ಗುಂಪನ್ನು ಹಾಗೆ ಕರೆಯುವುದು ಸರಿಯಲ್ಲವೆಂದು ಭಾವಿಸುವ ಯುವಜನರು ಈಗ ದಕ್ಷಿಣದವರಲ್ಲದಿದ್ದರೂ ‘ಯಾಲ್’ ಪದವನ್ನು ಆರಿಸಿಕೊಳ್ಳುತ್ತಿದ್ದಾರೆ.

ಇಂಥ ರೂಪಗಳನ್ನು ಕೂಡಿಡುವ ಕೆಲಸ ಅಲ್ಲಿ ಶ್ರದ್ಧೆಯಿಂದ ನಡೆದಿದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕ್ಯಾಸಿಡಿಯವರ ನೇತೃತ್ವದಲ್ಲಿ 1965ರಿಂದ 1970ರವರೆಗೆ ಕ್ಷೇತ್ರಕಾರ್ಯಕರ್ತರು ‘ವರ್ಡ್ ವ್ಯಾಗನ್’ ಎಂಬ ವಾಹನಗಳಲ್ಲಿ 1,002 ಊರುಗಳಿಗೆ ಹೋಗಿ, ಹಳಬರ ಎದುರು ಕುಳಿತು ಮಾತು ಬರೆದುಕೊಂಡರು. ಅದರಿಂದ ಹುಟ್ಟಿದ ಅಮೆರಿಕದ ಪ್ರಾದೇಶಿಕ ಇಂಗ್ಲಿಷ್ ನಿಘಂಟಿನ ಮೊದಲ ಸಂಪುಟ 1985ರಲ್ಲೂ ಐದನೆಯದು 2012ರಲ್ಲೂ ಬಂದವು.

‘ಯಾಲ್’ ಜೊತೆಯಲ್ಲೇ ಕಿವಿಗೆ ಬೀಳುವ ಇತರ ಸಂಕ್ಷಿಪ್ತ ರೂಪಗಳಿಗೂ ಕಟ್ಟುನಿಟ್ಟಾದ ನಿಯಮಗಳಿವೆ. ‘ಗೋಯಿಂಗ್ ಟು’ ಎಂಬುದು ‘ಗೊನ್ನ’ ಆಗುತ್ತದೆ; ಆದರೆ ಮುಂದೆ ನಡೆಯಲಿರುವ ಕ್ರಿಯೆಯನ್ನು ಹೇಳುವಾಗ ಮಾತ್ರ. ‘ನಾನು ಊಟ ಮಾಡಲಿದ್ದೇನೆ’ ಎಂಬುದಕ್ಕೆ ‘ಐಮ್ ಗೊನ್ನ ಈಟ್’ ಎನ್ನಬಹುದು. ‘ಡಲ್ಲಾಸಿಗೆ ಹೋಗುತ್ತಿದ್ದೇನೆ’ ಎಂಬುದಕ್ಕೆ ‘ಐಮ್ ಗೊನ್ನ ಡಲ್ಲಾಸ್’ ಎಂದು ಯಾವ ಅಮೆರಿಕನ್ನನೂ ಹೇಳುವುದಿಲ್ಲ. ನಮ್ಮಲ್ಲೂ ‘ಮಗುವನ್ನು ನೋಡಿಕೊಂಡೆ’ ಎಂಬುದು ಮಾತಿನಲ್ಲಿ ‘ನೋಡ್ಕೊಂಡೆ’ ಆಗುತ್ತದೆ, ಆದರೆ ನೋಡಿ ಖರೀದಿಸಿದೆ ಎಂಬ ಅರ್ಥದಲ್ಲಿ ‘ಸೀರೆ ನೋಡಿ ಕೊಂಡೆ’ ಎಂದಾಗ ಅದು ಹಾಗೆ ಕೂಡಿಕೊಳ್ಳುವುದಿಲ್ಲ. ಎರಡೂ ಭಾಷೆಗಳಲ್ಲಿ ಸವೆಯುವುದು ಸ್ವಂತ ಅರ್ಥವನ್ನು ಬಿಟ್ಟು ಸಹಾಯಕ್ಕೆ ನಿಂತ ಕ್ರಿಯಾಪದ. ಸ್ವಂತ ಅರ್ಥವನ್ನು ಉಳಿಸಿಕೊಂಡದ್ದು ಸವೆಯುವುದಿಲ್ಲ. ಇದನ್ನು ಯಾವ ಶಾಲೆಯೂ ಕಲಿಸಿಲ್ಲ, ಆದರೂ ಐದು ವರ್ಷದ ಮಗು ತಪ್ಪುವುದಿಲ್ಲ.

ದಕ್ಷಿಣದವರಿಗೆ ‘ಗೊನ್ನ’ದ ಜೊತೆಗೆ ‘ಫಿಕ್ಸಿನ್ ಟು’ ಎಂಬ ಇನ್ನೊಂದು ರೂಪವೂ ಉಂಟು. ‘ಇನ್ನೇನು ಹೊರಡುವವಳಿದ್ದೆ’ ಎಂಬಲ್ಲಿನ ‘ಇನ್ನೇನು’ವಿನಷ್ಟು ಹತ್ತಿರದ ಭವಿಷ್ಯ ಅದರದು, ಮುಂದಿನ ವರ್ಷದ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಕಪ್ಪು ಅಮೆರಿಕನ್ನರ ಮಾತಿನಲ್ಲಿ ಅದೇ ಇನ್ನಷ್ಟು ಸವೆದು ‘ಫಿನ್ನ’ ಆಗಿದೆ. ‘ಫಿಕ್ಸಿಂಗ್’ ಎಂಬುದರ ಕೊನೆಯ ‘ಗ್’ ಬಿಟ್ಟು ‘ಫಿಕ್ಸಿನ್’ ಎನ್ನುತ್ತಾರೆಂದು ಟೀಕಿಸುವವರಿಗೆ ನಮ್ಮ ವರ್ಣಮಾಲೆ ಒಳ್ಳೆಯ ಉತ್ತರ ಕೊಡಬಲ್ಲದು. ಶಿಷ್ಟ ಉಚ್ಚಾರದಲ್ಲೂ ಆ ಪದದ ಕೊನೆಗಿರುವುದು ‘ಗ’ಕಾರವಲ್ಲ, ‘ಙ’ಕಾರ. ಅದರ ಜಾಗಕ್ಕೆ ‘ನ’ಕಾರ ಬಂದಿದೆ, ಅಷ್ಟೆ, ಯಾವ ಅಕ್ಷರವೂ ಬಿದ್ದುಹೋಗಿಲ್ಲ.

ಕಚೇರಿಯ ಪತ್ರದಲ್ಲಿ, ಕಾಲೇಜಿನ ಪ್ರಬಂಧದಲ್ಲಿ ಈ ರೂಪಗಳು ಸಲ್ಲುವುದಿಲ್ಲ. ‘ಮಾಡ್ತೀನಿ’ ಎಂದು ಮಾತನಾಡುವ ಮೈಸೂರಿನವರೂ ‘ಮಾಡ್ತೇನೆ’ ಎನ್ನುವ ಮಂಗಳೂರಿನವರೂ ಬರೆಯುವಾಗ ‘ಮಾಡುತ್ತೇನೆ’ ಎಂದೇ ಬರೆಯುವಂತೆ. ಆದರೆ ದಕ್ಷಿಣದ ಊರುಗಳಲ್ಲಿ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳ ಬಾಯಲ್ಲಿ ‘ಯಾಲ್’ ಈಗಾಗಲೇ ನೆಲೆಯೂರಿದೆ, ಮತ್ತು ಅವರ ಹಿರಿಯರು ಅದನ್ನು ತಿದ್ದಲು ಹೋಗಬಾರದೆಂದು ನನ್ನ ವಿನಂತಿ.

ವಾಪಸು ಹೊರಡುವ ಹಿಂದಿನ ದಿನ ಅದೇ ಅಂಗಡಿಗೆ ಹೋಗಿದ್ದೆ. ತರಕಾರಿಯ ಸಾಲಿನಲ್ಲಿ ಒಬ್ಬನೇ ಹುಡುಗ ಹಸಿಮೆಣಸಿನಕಾಯಿ ಜೋಡಿಸುತ್ತಿದ್ದ. ಧೈರ್ಯ ಮಾಡಿ, ‘ಡು ಯಾಲ್ ಹ್ಯಾವ್ ಕರಿ ಲೀವ್ಸ್?’ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟು, ‘ನೋ ಮ್ಯಾಮ್, ವೀ ಶೂರ್ ಡೋಂಟ್’ ಎಂದ. ಸುತ್ತ ಇನ್ನಾರೂ ಇರಲಿಲ್ಲ. ಆದರೂ ಅವನು ‘ನನ್ನಲ್ಲಿ ಇಲ್ಲ’ ಎನ್ನಲಿಲ್ಲ, ‘ನಮ್ಮಲ್ಲಿ ಇಲ್ಲ’ ಎಂದ.